ಜೈನಾಬೀ ತೊಳೆದ ಸಾಮಾನು

ಮುರಿದ ಕಬ್ಬಿಣದ ತುಂಡೊಂದು ಕೈಗೆ ಬಂದರೆ ಜೈನಾಬೀ ಮೊದಲು ಮಾತಾಡುವುದಿಲ್ಲ. ಸೊಂಟಕ್ಕೆ ಸಿಕ್ಕಿಸಿಕೊಂಡ ಅರಿವೆಯಿಂದ ಅದನ್ನು ಒರೆಸುತ್ತಾಳೆ. ಒರೆಸಿದ ಕಡೆ ಹೆಬ್ಬೆರಳು ಆಡಿಸುತ್ತಾಳೆ. ಎದುರಿಗೆ ನಿಂತವನು ಎಷ್ಟೇ ಅವಸರದಲ್ಲಿದ್ದರೂ, ಹೊಲದಲ್ಲಿ ಮಷಿನ್ನು ನಿಂತಿದೆ ಎಂದು ಎಷ್ಟು ಸಲ ಹೇಳಿದರೂ, ಆ ಹೆಬ್ಬೆರಳು ತನ್ನ ದಾರಿ ಮುಗಿಸಿಯೇ ನಿಲ್ಲುತ್ತದೆ. ಆಮೇಲೆ ಹಿಂದಕ್ಕೆ ತಿರುಗಿ ನೋಡದೆಯೇ, “ಮೂರನೇ ಸಾಲು, ಕೆಳಗಿಂದ ಎರಡನೇ ಡಬ್ಬಿ” ಎನ್ನುತ್ತಾಳೆ. ಡಬ್ಬಿ ತೆರೆದರೆ ಬೇಕಾದ ಸಾಮಾನು ಅಲ್ಲೇ ಇರುತ್ತದೆ.

ಸಿಂಧನೂರಿನ ಗಂಗಾವತಿ ರಸ್ತೆಯಲ್ಲಿ ಟ್ರ್ಯಾಕ್ಟರ್ ಮತ್ತು ಭತ್ತ ಕೊಯ್ಯುವ ಮಷಿನ್ನುಗಳ ಬಿಡಿ ಸಾಮಾನು ಮಾರುವ ಅಂಗಡಿಗಳು ಸಾಲಾಗಿವೆ. ಅವುಗಳಲ್ಲಿ ಕೌಂಟರಿನ ಹಿಂದೆ ಹೆಂಗಸೊಬ್ಬಳು ಕೂತಿರುವುದು ಸಮೀಉಲ್ಲಾ ಸಾಹುಕಾರರ ಅಂಗಡಿಯಲ್ಲಿ ಮಾತ್ರ. ಅವಳು ಕೂಡುವುದು ಕಬ್ಬಿಣದ ಸ್ಟೂಲಿನ ಮೇಲೆ. ಅದರ ಒಂದು ಕಾಲು ಗಿಡ್ಡ. ಬೇರಿಂಗ್ ಡಬ್ಬಿಯ ರಟ್ಟನ್ನು ನಾಲ್ಕು ಮಡಿಕೆ ಮಾಡಿ ಆ ಕಾಲಿನ ಕೆಳಗೆ ಇಟ್ಟಿದ್ದಾಳೆ. ಬೇರೆ ಯಾರೇ ಕೂತರೂ ಸ್ಟೂಲು ಟಕ್ ಎಂದು ವಾಲುತ್ತದೆ. ಅವಳು ಕೂತರೆ ಸುಮ್ಮನಿರುತ್ತದೆ.

ಹನ್ನೆರಡು ವರ್ಷದ ಹಿಂದೆ ಅವಳು ಇಲ್ಲಿಗೆ ಬಂದದ್ದು ಹಿಂದಿನ ಗೋಡೌನಿನಲ್ಲಿ ಸಾಮಾನು ಒರೆಸಿ ಡಬ್ಬಿಗೆ ತುಂಬುವ ಕೆಲಸಕ್ಕೆ. ಒಂದು ಸುಗ್ಗಿಯ ಮಧ್ಯಾಹ್ನ ಆರ್.ಎಚ್. ಕ್ಯಾಂಪ್ ಎಂಬ ಊರಿನ ರೈತನೊಬ್ಬ ಸವೆದ ಬುಶ್ ಎಂಬ ಕಬ್ಬಿಣದ ಬಳೆಯೊಂದನ್ನು ಟವೆಲಿನಲ್ಲಿ ಸುತ್ತಿಕೊಂಡು ಬಂದಿದ್ದ. ಕೌಂಟರಿನ ಗಂಡಸರು ಮೂರು ಕಪಾಟು ಹುಡುಕಿ ಸೋತರು. ಗೋಡೌನಿನ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಜೈನಾಬೀ ಕೈ ಚಾಚಿ, “ಇತ್ತ ಕೊಡ್ರಿ” ಎಂದಳು. ಒರೆಸಿದಳು, ಹೆಬ್ಬೆರಳು ಆಡಿಸಿದಳು, ಡಬ್ಬಿ ಹೇಳಿದಳು. ಮುಂದಿನ ಸುಗ್ಗಿಗೆ ಸಾಹುಕಾರರೇ ಸ್ಟೂಲು ತಂದು ಕೌಂಟರಿನ ಹಿಂದೆ ಹಾಕಿದರು.

ಈ ವಿದ್ಯೆ ಅವಳಿಗೆ ಬಂದದ್ದು ತವರೂರು ಬಳಗಾನೂರಿನಿಂದ. ಅವಳ ಅಪ್ಪ ದಸ್ತಗೀರ್‌ಸಾಬ್ ಬಸ್ಸು ನಿಲ್ಲುವ ಜಾಗದ ಬೇವಿನ ಮರದ ಕೆಳಗೆ ಟ್ರ್ಯಾಕ್ಟರ್ ಬಿಚ್ಚುತ್ತಿದ್ದ. ಬಿಚ್ಚಿದ ಸಾಮಾನುಗಳನ್ನು ತಗಡಿನ ತಾಟಿನಲ್ಲಿ ಸೀಮೆಎಣ್ಣೆ ಹಾಕಿ ತೊಳೆಯುವುದು ಮಗಳ ಕೆಲಸ. ಐದನೇ ಇಯತ್ತೆಯ ತನಕ ಸಂಜೆ ಶಾಲೆ ಬಿಟ್ಟ ಮೇಲೆ ತಾಟು, ಶಾಲೆಯೇ ನಿಂತ ಮೇಲೆ ಬೆಳಗಿನಿಂದಲೂ ತಾಟು. ಅಪ್ಪ ತೊಳೆಯದ ಸಾಮಾನನ್ನು ಮುಟ್ಟುತ್ತಿರಲಿಲ್ಲ. “ಮೊದಲು ಮಾರಿ ತೊಳಿ ಅದರದು,” ಎನ್ನುತ್ತಿದ್ದ. “ಹೊಲಸಿನಾಗ ಅದರ ಬ್ಯಾನಿ ನನಗ ಹೆಂಗ ಕಾಣಬೇಕು?” ಅವಳು ಸಣ್ಣ ಕುಂಚದಿಂದ ಹಲ್ಲು ಹಲ್ಲಿನ ಸಂದು ತಿಕ್ಕಿ, ಒಣ ಅರಿವೆಯಲ್ಲಿ ಒರೆಸಿ, ಬಿಳಿ ಗೋಣಿಯ ಮೇಲೆ ಸಾಲಾಗಿ ಇಡುತ್ತಿದ್ದಳು. ಬೇವಿನ ಎಲೆಗಳ ನಡುವೆ ಇಳಿದ ಬಿಸಿಲು ಆ ಸಾಲಿನ ಮೇಲೆ ಆಡುತ್ತಿತ್ತು. ಮದುವೆಯಾಗಿ ಸಿಂಧನೂರಿಗೆ ಬರುವಾಗ ಅವಳು ಕೇಳಿ ತಂದ ವಸ್ತು ಆ ತಾಟು ಒಂದೇ. ಈಗ ಅದು ಗೋಡೌನಿನ ಮೂಲೆಯಲ್ಲಿದೆ. ಸೀಮೆಎಣ್ಣೆಯ ಬದಲು ಡೀಸೆಲ್.

ಆಷಾಢದ ಒಂದು ದಿನ ಸಮೀಉಲ್ಲಾ ಸಾಹುಕಾರರು ರಾಯಚೂರಿನಲ್ಲಿ ನಡೆದ ಡೀಲರುಗಳ ಸಭೆಯಿಂದ ಬಂದರು. ಕೈಯಲ್ಲಿ ಬಣ್ಣದ ಹಾಳೆಯಿತ್ತು. ಮೇಲೆ ‘ಮುಂದಿನ ವರ್ಷದ ವ್ಯಾಪಾರ: ಐದು ಬದಲಾವಣೆಗಳು’ ಎಂದು ದಪ್ಪ ಅಕ್ಷರ. ಅದನ್ನು ಕ್ಯಾಲೆಂಡರಿನ ಪಕ್ಕದ ಗೋಡೆಗೆ ಅಂಟಿಸಿ, ಕನ್ನಡಕ ಏರಿಸಿ ಅವಳಿಗೆ ಓದಿ ಹೇಳಿದರು. ಗಿರಾಕಿಯ ದನಿ ಸಂದೇಶಕ್ಕೆ ಕಂಪ್ಯೂಟರೇ ಉತ್ತರ ಕೊಡುವುದು, ಎಲ್ಲ ಅಂಗಡಿಗಳ ದಾಸ್ತಾನು ಒಂದೇ ಫೋನಿನಲ್ಲಿ ಕಾಣುವುದು, ಮುಂದಿನ ಹಂಗಾಮಿಗೆ ಯಾವ ಸಾಮಾನು ಎಷ್ಟು ಬೇಕೆಂದು ಅದು ಮೊದಲೇ ಹೇಳುವುದು...

“ಅದನ್ನ ನಾನೂ ಹೇಳ್ತೀನಲ್ರಿ,” ಎಂದಳು ಜೈನಾಬೀ. “ಮಳಿ ಸುಗ್ಗಿತನಕ ಹಿಡದು ಹೊಲ ಕೆಸರಾದ್ರ ಚೈನ್ ಮ್ಯಾಲೆ ನಡಿಯೋ ಮಷಿನ್ ಸಾಮಾನು ಹೋಗತಾವು. ಹೊಲ ಒಣಗಿದ್ರ ಟಯರ್ ಮಷಿನ್ದು.”

“ನೀ ಹೇಳ್ತಿ. ನಿನಗ ಸಿಂಧನೂರಾಗ, ಮಸ್ಕ್ಯಾಗ, ಲಿಂಗಸುಗೂರಾಗ ಒಮ್ಮೆಲೇ ಕೂಡ್ರಾಕ ಬರತೈತೇನು?”

ಸಾಹುಕಾರರಿಗೆ ಮಸ್ಕಿ, ಲಿಂಗಸುಗೂರುಗಳಲ್ಲೂ ಒಂದೊಂದು ಅಂಗಡಿಯಿತ್ತು. ಅಲ್ಲಿಯ ಹುಡುಗರಿಗೆ ಸಾಮಾನು ಗೊತ್ತಾಗದೆ, ದಿನಕ್ಕೆ ಹತ್ತು ಸಲ ಫೋನ್ ಮಾಡಿ ಜೈನಾಬೀಗೆ ಮೂತಿ ಉದ್ದ ಐತಿ, ಹೊಟ್ಟಿ ದಪ್ಪ ಐತಿ ಎಂದು ವರ್ಣಿಸುತ್ತಿದ್ದರು.

“ಐದರಾಗ ನಾವು ಕಡೀದು ಒಂದು ಮಾಡೋಣು,” ಎಂದರು ಸಾಹುಕಾರರು. “ರೈತ ಹೊಲದಾಗ ನಿಂತು ಮುರದ ಸಾಮಾನಿನ ಫೋಟೋ ಕಳಸ್ತಾನ. ಕಂಪ್ಯೂಟರ್ ನೋಡಿ, ಇದು ಇಂಥಾದ್ದು, ಇಂಥಾ ಕಪಾಟಿನಾಗ ಐತಿ ಅಂತ ಹೇಳತೈತಿ. ಸನೇದ ಅಂಗಡಿಯವ ತಗದು ಕೊಡ್ತಾನ.”

“ಹಂಗಾದ್ರ ಇಲ್ಲಿ ಕೌಂಟರಿನ ಮ್ಯಾಲೆ?”

ಸಾಹುಕಾರರು ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದರು. “ನಂಬರ್ ಓದಿ ಸಾಮಾನು ಕೊಡವ್ರು ಯಾರಾದ್ರೂ ನಡೀತಾರ. ಅದು ಸರಿ ಆತಂದ್ರ ಹೊಸ ವರ್ಷದಿಂದ ನೀ ಗೋಡೌನ್ ನೋಡ್ಕೋ. ನಿನ್ನ ಪಗಾರ ನಾ ಮುಟ್ಟಂಗಿಲ್ಲ.”

ಅವರು ಕೆಟ್ಟ ಮನುಷ್ಯರಲ್ಲ. ಮಾತನ್ನು ಮೆತ್ತಗೆಯೇ ಹೇಳಿದರು. ಜೈನಾಬೀ ತಲೆಯಾಡಿಸಿ, ಸೆರಗು ಸರಿಮಾಡಿಕೊಂಡು, ಎದುರಿಗೆ ನಿಂತ ಗಿರಾಕಿಯ ಕಡೆ ತಿರುಗಿದಳು. ಪಗಾರದ ಮಾತು ಅವಳಿಗೆ ಬೇಕಿರಲಿಲ್ಲ. ದೊಡ್ಡ ಮೀಸೆಯ ಗಂಡಸರು, ಮೂರೆಕರೆಯವರು, ಮೂವತ್ತೆಕರೆಯವರು, ಕೈಯಲ್ಲಿ ಕಬ್ಬಿಣ ಹಿಡಿದು ಅವಳ ಮುಂದೆ ನಿಂತು, “ಏನಿದು, ನೋಡಿ ಹೇಳ್ರಿ” ಎಂದು ಕೇಳುವ ಆ ಒಂದು ಗಳಿಗೆ ಇತ್ತಲ್ಲ, ಅದು ಗೋಡೌನಿನಲ್ಲಿ ಇರುವುದಿಲ್ಲ. ಅಲ್ಲಿ ಇರುವುದು ಡಬ್ಬಿಗಳು.

ಮುಂದಿನ ವಾರ ಕಂಪ್ಯೂಟರಿಗೆ ಸಾಮಾನು ಕಲಿಸಲು ಜ್ಯೋತಿ ಬಂದಳು. ಮಸ್ಕಿಯ ಹುಡುಗಿ, ಲಿಂಗಸುಗೂರಿನಲ್ಲಿ ಬಿಸಿಎ ಓದಿದವಳು, ರಾಯಚೂರಿನ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಗೆ ಸೇರಿ ಒಂದು ತಿಂಗಳೂ ಆಗಿರಲಿಲ್ಲ. ವಾರದಲ್ಲಿ ಮೂರು ದಿನ ಬಸ್ಸಿನಲ್ಲಿ ಸಿಂಧನೂರಿಗೆ ಬರುವುದು, ಉಳಿದ ದಿನ ರಾಯಚೂರು. ಇದು ಅವಳ ಮೊದಲ ಕೆಲಸ.

“ಇದು ಸಣ್ಣ ಕೂಸಿದ್ದಂಗ, ಆಂಟಿ,” ಎಂದು ಅವಳು ಲ್ಯಾಪ್‌ಟಾಪ್ ತೆರೆದು ಹೇಳಿದಳು. “ಏನು ತೋರಸ್ತೀವೋ ಅದನ್ನ ಕಲೀತೈತಿ. ಒಂದೊಂದು ಸಾಮಾನಿಂದು ಇಪ್ಪತ್ತಿಪ್ಪತ್ತು ಫೋಟೋ ಬೇಕು. ಹೊಸಾವು ಅಷ್ಟೇ ಸಾಲಂಗಿಲ್ಲ. ಮುರದಾವು, ಸವದಾವು, ಹಳೇವೂ ಬೇಕು.”

ಹಳೆಯವಕ್ಕೆ ಕೊರತೆಯಿರಲಿಲ್ಲ. ಹೊಸದು ಕೊಂಡವರು ಹಳೆಯದನ್ನು ಅಂಗಡಿಯಲ್ಲೇ ಬಿಟ್ಟು ಹೋಗುವುದು ಇಲ್ಲಿಯ ರೂಢಿ. ಜೈನಾಬೀ ಯಾವುದನ್ನೂ ಗುಜರಿಗೆ ಹಾಕಲು ಬಿಟ್ಟಿರಲಿಲ್ಲ. ಹನ್ನೆರಡು ವರ್ಷದ ಮುರುಕು ಹದಿನಾರು ಗೋಣಿಚೀಲಗಳಲ್ಲಿ ಗೋಡೌನಿನ ಗೋಡೆಗೆ ಒರಗಿ ಕೂತಿತ್ತು.

ಜ್ಯೋತಿ ಇದ್ದ ದಿನ ಇಬ್ಬರೂ ಸೇರಿ ಹೊಸ ಸಾಮಾನುಗಳ ಫೋಟೋ ತೆಗೆದರು. ಅವಳಿಲ್ಲದ ದಿನ ಅಂಗಡಿಯ ಫೋನಿನಲ್ಲಿ ಜೈನಾಬೀ ಒಬ್ಬಳೇ ಹಳೆಯವುಗಳನ್ನು ತೆಗೆದಳು. ಯಾರೂ ಹೇಳಿರದಿದ್ದರೂ ಒಂದೊಂದನ್ನೂ ಮೊದಲು ತಾಟಿಗೆ ಹಾಕಿದಳು. ಕೂಸಿಗೆ ತೋರಿಸುವುದೆಂದರೆ ಹೊಲಸು ಮುಖ ತೋರಿಸಲಾಗುತ್ತದೆಯೇ. ಡೀಸೆಲಿನಲ್ಲಿ ನೆನೆಹಾಕಿ, ಕುಂಚದಿಂದ ಹಲ್ಲಿನ ಸಂದು ತಿಕ್ಕಿ, ಬಿಡದ ತುಕ್ಕಿಗೆ ಪಾಲೀಶ್ ಕಾಗದ ಉಜ್ಜಿ, ಒಣ ಅರಿವೆಯಲ್ಲಿ ಒರೆಸಿ, ಬಿಳಿ ಬಟ್ಟೆಯ ಮೇಲೆ ಇಟ್ಟು, ಕಿಟಕಿಯ ಬೆಳಕಿಗೆ ತಿರುಗಿಸಿ ತೆಗೆದಳು. ಮುರಿದವುಗಳೂ ಹಬ್ಬದ ದಿನ ಸ್ಟುಡಿಯೋಕ್ಕೆ ಹೋದ ಮಕ್ಕಳಂತೆ ಕಾಣುತ್ತಿದ್ದವು. ಎರಡು ತಿಂಗಳಲ್ಲಿ ಅವಳ ಉಗುರುಗಳು ಕಪ್ಪಾದವು, ಚೀಲಗಳು ಖಾಲಿಯಾದವು. ತನ್ನ ಜಾಗಕ್ಕೆ ಬರಲಿರುವ ಕೂಸನ್ನು ತಾನೇ ಬೆಳೆಸುತ್ತಿದ್ದೇನೆಂಬುದು ಅವಳಿಗೆ ಗೊತ್ತಿತ್ತು. ಆದರೂ ಕೆಲಸ ಕೈಗೆ ಹತ್ತಿದ ಮೇಲೆ ಅರ್ಧಂಬರ್ಧ ಮಾಡಿ ಅವಳಿಗೆ ರೂಢಿಯಿಲ್ಲ.

“ಎಷ್ಟು ಚೆಂದ ತಗದೀರಿ, ಆಂಟಿ,” ಎಂದಳು ಜ್ಯೋತಿ. “ನಮ್ಮ ಆಫೀಸಿನವರೂ ಹಿಂಗ ತಗಿಯಂಗಿಲ್ಲ.” ದೀಪಾವಳಿಗೆ ಮೊದಲು ಅವಳು ಪರೀಕ್ಷೆ ಮಾಡಿ ತೋರಿಸಿದಳು. ತೆಗೆದ ಫೋಟೋಗಳಲ್ಲೇ ಕೆಲವನ್ನು ಬದಿಗಿಟ್ಟು ಕಂಪ್ಯೂಟರಿಗೆ ಕೇಳಿದಾಗ ಅದು ನೂರಕ್ಕೆ ತೊಂಬತ್ತೇಳು ಸರಿ ಹೇಳಿತು. ಸಾಹುಕಾರರು ಎಲ್ಲರಿಗೂ ಜಿಲೇಬಿ ತರಿಸಿದರು. ಜೈನಾಬೀ ಒಂದು ತುಂಡು ತಿಂದು, ಕೈ ತೊಳೆದು, ಸ್ಟೂಲಿನ ಕೆಳಗಿನ ರಟ್ಟನ್ನು ಸುಮ್ಮನೆ ಕಾಲಿನಿಂದ ಸರಿಮಾಡಿದಳು.

ಸುಗ್ಗಿ ಶುರುವಾಯಿತು. ಕಾಲುವೆಯ ಎರಡೂ ಕಡೆ ಭತ್ತ ಹಣ್ಣಾಗಿ, ರಸ್ತೆಗಳ ಮೇಲೆಲ್ಲ ಕೊಯ್ಯುವ ಮಷಿನ್ನುಗಳು ಆನೆಗಳಂತೆ ಸಾಲುಗಟ್ಟಿದವು. ಅಂಗಡಿಯ ನಂಬರಿಗೆ ಫೋಟೋಗಳು ಬರತೊಡಗಿದವು. ಕಂಪ್ಯೂಟರು ಪ್ರತಿಯೊಂದಕ್ಕೂ ತಡಮಾಡದೆ ಉತ್ತರ ಕೊಟ್ಟಿತು. ಉತ್ತರಗಳಲ್ಲಿ ಅರ್ಧಕ್ಕರ್ಧ ತಪ್ಪು.

ಐದನೇ ದಿನ ಹುಸೇನಪ್ಪ ಬಂದ. ಮುಕ್ಕುಂದದವನು, ಒಂದು ಚೈನ್ ಮಷಿನ್ನಿನ ಮಾಲಕ, ತಾನೇ ಡ್ರೈವರ್. ಬಳಗಾನೂರಿನ ಹೊಲದಲ್ಲಿ ಕೊಯ್ಯುವಾಗ ಚೈನು ಎಳೆಯುವ ಹಲ್ಲಿನ ಗಾಲಿ ಮುರಿದಿತ್ತು. ಫೋಟೋ ಕಳಿಸಿದ್ದ, ಕಂಪ್ಯೂಟರು ಹೇಳಿದ್ದನ್ನು ಮಸ್ಕಿ ಅಂಗಡಿಯಿಂದ ತರಿಸಿದ್ದ. ಅದು ಕೂಡಲಿಲ್ಲ. ಅರ್ಧ ದಿನ ಹೋಯಿತು.

“ಎಲ್ಲಿ ಅದಾನ್ರಿ ನಿಮ್ಮ ಕಂಪ್ಯೂಟರ್ ಮೇಸ್ತ್ರಿ?” ಎಂದು ಅವನು ಮುರಿದ ಗಾಲಿಯನ್ನು ಕೌಂಟರಿನ ಮೇಲೆ ಕುಕ್ಕಿದ. ಗಟ್ಟಿಯಾದ ಕೆಸರು ಉದುರಿತು. “ಹೊರಗ ಕರೀರಿ ಅವನ್ನ, ಮಾರಿ ನೋಡ್ತೀನಿ. ಹನ್ನೆರಡು ಹಲ್ಲಿಂದು ಕೇಳಿದ್ರ ಹದಿಮೂರಿಂದು ಕೊಟ್ಟಾನ. ಒಂದು ಹಲ್ಲು ಬೋನಸ್ಸೇನು?”

“ನನ್ನ ಕಡೆ ಬಂದಿದ್ರ ಆಗ್ತಿತ್ತಿಲ್ಲೋ?”

“ಫೋನಿನಾಗ ಆಗತೈತಿ ಅಂತ ನಿಮ್ಮ ಸಾಹುಕಾರ್ರು ಬೋರ್ಡ್ ಬರಸ್ಯಾರಲ್ಲ ಬೇ. ಓದಬಾರದಾಗಿತ್ತು ನಾ.”

ಜೈನಾಬೀ ಗಾಲಿಯನ್ನು ಎತ್ತಿಕೊಂಡು ಒರೆಸತೊಡಗಿದಳು. ಹಲ್ಲಿನ ಸಂದುಗಳಲ್ಲಿ ಕರಿಮಣ್ಣು, ಗ್ರೀಸು, ಭತ್ತದ ಹುಲ್ಲು ಸೇರಿ ಸಿಮೆಂಟಿನಂತೆ ಕೂತಿತ್ತು. ಅರಿವೆಯ ತುದಿ ತೂರಿಸಿ ಒಂದೊಂದೇ ಸಂದು ತೆಗೆದಳು. ಒಂದು ಹಲ್ಲು ಬಯಲಾಯಿತು, ಇನ್ನೊಂದು ಬಯಲಾಯಿತು. ಏಳನೆಯದಕ್ಕೆ ಬಂದಾಗ ಅವಳ ಕೈ ನಿಂತಿತು.

ಪಕ್ಕದಲ್ಲಿದ್ದ ಅಂಗಡಿಯ ಫೋನು ತೆಗೆದು ಹುಸೇನಪ್ಪ ಕಳಿಸಿದ ಫೋಟೋ ನೋಡಿದಳು. ಅದರಲ್ಲಿ ಹಲ್ಲುಗಳೇ ಇರಲಿಲ್ಲ. ಒಂದು ಮಣ್ಣಿನ ರೊಟ್ಟಿ ಇತ್ತು. ಆಮೇಲೆ ತಾನು ತೆಗೆದ ಫೋಟೋ ನೋಡಿದಳು. ಬಿಳಿ ಬಟ್ಟೆಯ ಮೇಲೆ, ಕಿಟಕಿಯ ಬೆಳಕಿನಲ್ಲಿ, ಎಣಿಸಿಕೊಳ್ಳುವಷ್ಟು ಸ್ವಚ್ಛವಾದ ಹನ್ನೆರಡು ಹಲ್ಲು.

ಕೂಸು ತಪ್ಪು ಮಾಡಿರಲಿಲ್ಲ. ತೊಳೆಯದ ಮುಖವನ್ನು ಅದು ಒಮ್ಮೆಯೂ ಕಂಡಿರಲಿಲ್ಲ.

ಅವಳು ಹುಸೇನಪ್ಪನಿಗೆ ಹನ್ನೆರಡು ಹಲ್ಲಿನ ಗಾಲಿ ತೆಗೆದುಕೊಟ್ಟಳು.

ಆ ದಿನ ಜ್ಯೋತಿ ಗೋಡೌನಿನಲ್ಲಿ ಕೂತು ತಪ್ಪು ಉತ್ತರಗಳನ್ನು ಒಂದೊಂದಾಗಿ ತೆರೆದು ನೋಡುತ್ತಿದ್ದಳು. ಎರಡು ಗಂಟೆಯಾದರೂ ಬುತ್ತಿ ಬಿಚ್ಚಿರಲಿಲ್ಲ. ಜೈನಾಬೀ ಎದುರಿಗೆ ಕೂತಾಗ ಅವಳು ತಾನಾಗಿಯೇ ಹೇಳಿದಳು: “ಸಾಹುಕಾರ್ರು ನಮ್ಮ ಸರ್‌ಗೆ ಫೋನ್ ಮಾಡ್ಯಾರ ಆಂಟಿ. ತಿಂಗಳ ಕೊನಿತನಕ ನೋಡ್ತಾರಂತ, ಸರಿಯಾಗಲಿಲ್ಲಂದ್ರ ಬ್ಯಾಡ ಅಂದಾರ. ನನಗ ಆರು ತಿಂಗಳದು ಪರೀಕ್ಷೆ ಇರತೈತಿ, ಆಮ್ಯಾಲೆ ಕಾಯಂ. ಇದು ಕೆಟ್ಟರ ಇಟ್ಕೊಳ್ಳಂಗಿಲ್ಲ.” ದನಿಯಲ್ಲಿ ಅಳುವೇನೂ ಇರಲಿಲ್ಲ. ಬಸ್ಸು ತಡವಾಗಿದೆ ಎಂದು ಹೇಳುವಂತೆ ಹೇಳಿದಳು. “ನನ್ನ ಲೆಕ್ಕದಾಗ ಎಲ್ಲೋ ತಪ್ಪೈತಿ. ಎಲ್ಲಿ ಅಂತ ಸಿಗವಲ್ದು.”

“ಉಣ್ಣು ಮೊದಲು,” ಎಂದಳು ಜೈನಾಬೀ.

ಎರಡು ದಿನ ಅವಳು ಸುಮ್ಮನಿದ್ದಳು. ಸುಮ್ಮನಿರುವುದು ಸುಲಭವಾಗಿತ್ತು. ಯಾರೂ ಅವಳನ್ನು ಏನೂ ಕೇಳಿರಲಿಲ್ಲ. ಫೋಟೋ ಕಳಿಸಿ ಸೋತವರೆಲ್ಲ ಮತ್ತೆ ಕೌಂಟರಿನ ಮುಂದೆ ಬಂದು ನಿಲ್ಲುತ್ತಿದ್ದರು. ಮೊದಲಿಗಿಂತ ಹೆಚ್ಚು ಜನ, ಮೊದಲಿಗಿಂತ ಹೆಚ್ಚು ಮರ್ಯಾದೆ. “ನೀವ ಬೇಕ್ರಿ ಕಡೀಕ,” ಎಂದು ಒಬ್ಬ ಎಲ್ಲರಿಗೂ ಕೇಳುವಂತೆ ಹೇಳಿದ. ಆ ಮಾತು ಕೇಳಿ ಅವಳಿಗೆ ಹಿಗ್ಗಾಗಬೇಕಿತ್ತು. ಗೋಡೌನಿನ ಬಾಗಿಲು ಅರ್ಧ ತೆರೆದಿತ್ತು, ಅಲ್ಲಿ ಲ್ಯಾಪ್‌ಟಾಪಿನ ಮುಂದೆ ಬಾಗಿದ ಬೆನ್ನು ಕಾಣುತ್ತಿತ್ತು.

ಮೂರನೇ ದಿನ ಅವಳು ಗಂಡನ ಜೊತೆ ಮಸ್ಕಿಗೆ ಹೋದಳು. ನಬೀಸಾಬ್ ಸಾಮಾನು ಸಾಗಿಸುವ ಆಟೋ ಓಡಿಸುತ್ತಾನೆ, ಸಾಹುಕಾರರ ಮೂರೂ ಅಂಗಡಿಗಳಿಗೆ ಡಬ್ಬಿಗಳನ್ನು ಮುಟ್ಟಿಸುವುದು ಅವನೇ. ಮಸ್ಕಿ ಅಂಗಡಿಯಲ್ಲಿ ತಪ್ಪು ಹೋಗಿ ವಾಪಸು ಬಂದ ಸಾಮಾನು ವಿಂಗಡಿಸಿ ಬರಲು ಅವಳಿಗೆ ಹೇಳಿದ್ದರು. ಮನೆಯಲ್ಲಿ ಅವರಿಬ್ಬರ ಮಾತು ದಖ್ಖನಿ ಉರ್ದುವಿನಲ್ಲಿ, ರಸ್ತೆಗಿಳಿದರೆ ಅದು ತಾನಾಗಿ ಕನ್ನಡಕ್ಕೆ ಹೊರಳುತ್ತದೆ. ಬಳಗಾನೂರು ದಾಟುವಾಗ ಬೇವಿನ ಮರವಿದ್ದ ಜಾಗದಲ್ಲಿ ಮೊಬೈಲ್ ಅಂಗಡಿಯ ಬಣ್ಣದ ಛತ್ರಿ ಕಂಡಿತು. ಅವಳು ಗಂಡನಿಗೆ ಎಲ್ಲವನ್ನೂ ಹೇಳಿದಳು.

ನಬೀಸಾಬ್ ಎದುರು ಬಂದ ಮಷಿನ್ನಿಗೆ ದಾರಿ ಬಿಟ್ಟ. ಆಮೇಲೆ, “ನೀ ಸುಮ್ನಿದ್ರ ಏನಾಗತೈತಿ?” ಎಂದ.

“ಏನೂ ಆಗಂಗಿಲ್ಲ. ನನ್ನ ಸ್ಟೂಲ್ ನನಗ ಉಳೀತೈತಿ.”

“ಮತ್ತ?”

“ಆ ಹುಡುಗಿ ತನ್ನ ತಪ್ಪು ಹುಡುಕಾಕತ್ಯಾಳ. ಅಲ್ಲಿ ಇಲ್ಲದ್ದು ಆಕಿಗೆ ಹೆಂಗ ಸಿಗಬೇಕು?”

“ನಿನಗ ಮೂವತ್ತು ವರ್ಷ ಆತು ಹೇಳ್ಕೋತ ಬಂದೀನಿ,” ಎಂದ ನಬೀಸಾಬ್. “ಎಲ್ಲಾನೂ ತೊಳೀಬ್ಯಾಡ ಅಂತ. ಚಾ ಬಸಿಯೋದ ತಡ, ಪಾತೇಲಿ ತೊಳೀತಿ. ನಾ ಕುಡಿದು ಮುಗಿಸಿರಂಗಿಲ್ಲ, ಕಪ್ ಕೈಯಾಗಿಂದ ಕಸಗೋತಿ.”

ಅವಳಿಗೆ ನಗು ಬಂತು. ನಕ್ಕ ಮೇಲೆ ಆ ಹುಡುಗಿಗೆ ಹೇಳುವುದು ಹಗುರವಾಗುತ್ತದೆ ಎನ್ನಿಸಿತು.

ಸಂಜೆ ನಾಲ್ಕಕ್ಕೆ ಸಿಂಧನೂರಿಗೆ ವಾಪಸು ಬಂದು ಅವಳು ನೇರ ಗೋಡೌನಿಗೆ ಹೋದಳು. ಕಟ್ಟೆಯ ಮೇಲಿದ್ದ ತಾಟನ್ನು ಎತ್ತಿ ಜ್ಯೋತಿಯ ಮುಂದೆ ಇಟ್ಟಳು. ತಳದಲ್ಲಿ ಇನ್ನೂ ಡೀಸೆಲ್ಲು ಇತ್ತು, ಅದರ ಕೆಳಗೆ ಎರಡು ತಿಂಗಳ ರಾಡಿ.

“ನೋಡಿಲ್ಲಿ ಬೇಟಾ. ತಪ್ಪು ನಿಂದಲ್ಲ. ನಂದು. ಹಳೇ ಸಾಮಾನು ಎಲ್ಲಾ ತೊಳದು ತಗದೀನಿ ನಾ. ರೈತ ತೊಳದು ಕಳಸ್ತಾನೇನು? ಹಲ್ಲಿನಾಗ ಮಣ್ಣು ತುಂಬಿದ್ರ ಅದು ಹೆಂಗ ಎಣಸಬೇಕು?”

ಜ್ಯೋತಿ ತಾಟನ್ನು ನೋಡಿದಳು, ಅವಳನ್ನು ನೋಡಿದಳು. “ಎಲ್ಲಾನೂ ತೊಳದೀರೇನು?” ಎಂದಳು.

“ಹದಿನಾರು ಚೀಲ.”

ಹುಡುಗಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಅಳುತ್ತಾಳೆ ಎಂದುಕೊಂಡರೆ ನಗುತ್ತಿದ್ದಳು. “ನಾನರ ನೋಡಬೇಕಿತ್ತು ಆಂಟಿ. ಫೋಟೋ ಚೆಂದ ಅದಾವಂತ ಖುಷಿ ಆಗಿ ಕುಂತೆ. ಪರೀಕ್ಷೆನೂ ಅವ ಫೋಟೋ ಮ್ಯಾಲೆ ಮಾಡಿದೆ.”

ಸಾಹುಕಾರರಿಗೂ ಜೈನಾಬೀಯೇ ಹೇಳಿದಳು. ಅವರು ಕೇಳಿಸಿಕೊಂಡು, ಗೋಡೆಯ ಮೇಲಿನ ಬಣ್ಣದ ಹಾಳೆಯ ಕಡೆ ನೋಡಿದರು.

“ನೀ ಹೇಳಲಾರದ ಇದ್ರ ನನಗ ಗೊತ್ತಾಗ್ತಿರಲಿಲ್ಲ.”

“ಹೌದ್ರಿ.”

“ಇದು ಸರಿ ಆದ್ರ ಹೊಸ ವರ್ಷಕ್ಕ ನೀ ಒಳಗ ಹೋಗಬೇಕಂತ ನಾ ಹೇಳಿದ್ದು ನೆನಪೈತಿಲ್ಲೋ?”

“ಐತ್ರಿ.”

ಸಾಹುಕಾರರು ಇಬ್ಬರಿಗೂ ಚಾ ತರಿಸಿದರು.

ಮರುದಿನ ಬೆಳಿಗ್ಗೆ ನಬೀಸಾಬನ ಆಟೋದಲ್ಲಿ ಹದಿನಾರು ಚೀಲಗಳು, ಇಬ್ಬರು ಹೆಂಗಸರು ಬಳಗಾನೂರಿಗೆ ಹೊರಟರು. ಹುಸೇನಪ್ಪ ಕೊಯ್ಯುತ್ತಿದ್ದ ಹೊಲದ ಬದುವಿನ ಮೇಲೆ ಸಾಮಾನು ಸುರಿದರು. ಕೊಯ್ದ ಮಡಿಯಲ್ಲಿ ಇನ್ನೂ ನೀರಿನ ಪಸೆಯಿತ್ತು. ಕೊಕ್ಕರೆಗಳು ಮಷಿನ್ನಿನ ಹಿಂದೆ ಹಿಂದೆಯೇ ನಡೆಯುತ್ತಿದ್ದವು. ಜ್ಯೋತಿ ಪ್ಯಾಂಟು ಮಡಚಿ ಕೆಸರಿಗಿಳಿದು, “ಕೊಡ್ರಿ ಆಂಟಿ” ಎಂದು ಕೈ ಚಾಚಿದಳು.

ಜೈನಾಬೀ ಒಂದು ಹಲ್ಲಿನ ಗಾಲಿ ಎತ್ತಿದಳು. ತಾನೇ ತೊಳೆದದ್ದು. ಬಿಸಿಲಿಗೆ ಹೊಳೆಯಿತು. ಅದನ್ನು ಕೆಸರಿನ ತನಕ ಒಯ್ದ ಕೈ ಅಲ್ಲಿಯೇ ನಿಂತಿತು. ನಲವತ್ತು ವರ್ಷ ಒಂದು ಕಡೆಗೆ ನಡೆದ ಕೈಯನ್ನು ಹಿಂದಕ್ಕೆ ತಿರುಗಿಸುವುದು ಅವಳು ಎಣಿಸಿದ್ದಕ್ಕಿಂತ ಕಷ್ಟವಿತ್ತು. ಅಪ್ಪ ಎಲ್ಲಾದರೂ ನಿಂತು ನೋಡುತ್ತಿರಬಹುದು ಎಂಬಂತೆ ಒಮ್ಮೆ ರಸ್ತೆಯ ಕಡೆ ನೋಡಿದಳು. ಆಮೇಲೆ ಗಾಲಿಯನ್ನು ಕೆಸರಿನಲ್ಲಿ ಒತ್ತಿ, ಹೊರಳಿಸಿ, ಹಲ್ಲಿನ ಸಂದಿಗೆ ಬೆರಳಿನಿಂದ ಮಣ್ಣು ತುಂಬಿದಳು.

ಹುಸೇನಪ್ಪ ಮಷಿನ್ನು ನಿಲ್ಲಿಸಿ ಇಳಿದು ಬಂದ. “ಏನ್ರಿ ಇದು? ಬಿತ್ತಾಕ ಬಂದೀರೇನು ಕಬ್ಬಿಣಾನ?”

“ಕಂಪ್ಯೂಟರಿಗೆ ನಿಮ್ಮ ಹೊಲದ ಫೋಟೋ ಕಲಸಾಕ ಬಂದೀವಿ.”

“ಹಂಗಲ್ರಿ ಅದು.” ಅವನು ಕೂತು ಒಂದನ್ನು ಕಿತ್ತುಕೊಂಡ. “ಬರೇ ಮಣ್ಣಾದ್ರ ಮಷಿನ್ ಸಾಮಾನು ಆಗಂಗಿಲ್ಲ. ಗ್ರೀಸ್ ಬೇಕು, ಹುಲ್ಲಿನ ಪುಡಿ ಬೇಕು. ಹೊಲಸು ಮಾಡಾಕೂ ಕೈಗುಣ ಬೇಕ್ರಿ, ಜೈನಾಬೀ. ನಿಮಗ ಬರಂಗಿಲ್ಲ ಅದು. ಇತ್ತ ಕೊಡ್ರಿ.”

ನಾಲ್ಕು ದಿನ ಅದೇ ಕೆಲಸ. ಮಷಿನ್ನಿನ ಚೈನಿನ ಮೇಲಿಟ್ಟು, ಬದುವಿನ ಮೇಲಿಟ್ಟು, ಬೀಡಿ ಹಿಡಿದ ಕೈಯಲ್ಲಿಟ್ಟು, ಹುಸೇನಪ್ಪನ ಟವೆಲಿನ ಮೇಲಿಟ್ಟು, ನಡುಮಧ್ಯಾಹ್ನದ ಬಿಸಿಲಲ್ಲಿ, ಮೋಡದಲ್ಲಿ, ಅಲುಗಾಡಿದ ಕೈಯಲ್ಲಿ ಫೋಟೋ ತೆಗೆದರು. ತಿಂಗಳ ಕೊನೆಗೆ ಕಂಪ್ಯೂಟರು ಹೊಲದಿಂದ ಬಂದ ಫೋಟೋಗಳಲ್ಲಿ ನೂರಕ್ಕೆ ಎಂಬತ್ತೆಂಟನ್ನು ಸರಿ ಹೇಳಿತು. ತೊಂಬತ್ತೇಳು ಹೋಗಿ ಎಂಬತ್ತೆಂಟು ಬಂದದ್ದಕ್ಕೆ ಜಿಲೇಬಿ ತರಿಸಬೇಕೋ ಬೇಡವೋ ಎಂದು ಸಾಹುಕಾರರಿಗೆ ತಿಳಿಯಲಿಲ್ಲ. ಹುಸೇನಪ್ಪ ತನ್ನ ಕೆಸರು ಕಾಲಿನ ಫೋಟೋ ಕಳಿಸಿ ನೋಡಿದ. ‘ಗುರುತು ಸಿಗಲಿಲ್ಲ, ದಯವಿಟ್ಟು ಅಂಗಡಿಗೆ ಬನ್ನಿ’ ಎಂಬ ಉತ್ತರ ಬಂತಂತೆ. ಅದನ್ನು ವಾರಗಟ್ಟಲೆ ಎಲ್ಲರಿಗೂ ತೋರಿಸಿಕೊಂಡು ತಿರುಗಿದ. ಜ್ಯೋತಿ ಡಿಸೆಂಬರಿನಲ್ಲಿ ಕಾಯಂ ಆದಳು. ಪತ್ರ ಬಂದ ದಿನ ಮಸ್ಕಿಯಿಂದ ಒಂದು ಡಬ್ಬಿ ಶೇಂಗಾ ಹೋಳಿಗೆ ನಬೀಸಾಬನ ಆಟೋದಲ್ಲಿ ಬಂತು.

ಹೊಸ ವರ್ಷದ ಮೊದಲ ದಿನ ಸಾಹುಕಾರರ ಸಂಬಂಧಿ ಶಾಹೀಸ್ತಾ ಎಂಬ ಹುಡುಗಿ ಕೌಂಟರಿಗೆ ಬಂದಳು. ಸ್ಟೂಲಿನ ಮೇಲೆ ಕೂತಳು. ಸ್ಟೂಲು ಟಕ್ ಎಂದು ವಾಲಿತು. ಅವಳಿಗೆ ಬೆನ್ನಿರುವ ಪ್ಲಾಸ್ಟಿಕ್ ಕುರ್ಚಿ ತಂದುಕೊಟ್ಟು, ಸ್ಟೂಲನ್ನು ಗೋಡೌನಿನ ಬಾಗಿಲ ಹಿಂದೆ ಸರಿಸಿದರು. ಆ ಎಳೆದಾಟದಲ್ಲಿ ರಟ್ಟು ಎಲ್ಲೋ ಬಿದ್ದುಹೋಯಿತು.

ಗೋಡೌನು ತಣ್ಣಗಿತ್ತು. ಜೈನಾಬೀ ಡಬ್ಬಿ ಜೋಡಿಸಿದಳು, ಚೀಟಿ ಅಂಟಿಸಿದಳು. ಹೊರಗೆ ಫೋನಿನ ಸದ್ದು, ಶಾಹೀಸ್ತಾ ನಂಬರ್ ಓದುವ ಸದ್ದು. ಯಾವುದೂ ತಪ್ಪಿರಲಿಲ್ಲ. ಮಧ್ಯಾಹ್ನದ ತನಕ ಯಾರೂ ಅವಳನ್ನು ಏನೂ ಕೇಳದ ದಿನಗಳು ಇದ್ದವು. ಅಂಥ ದಿನ ಅವಳು ಹಳೆಯ ಸಾಮಾನು ತೆಗೆದು ಸುಮ್ಮನೆ ಕೆಸರು ತೊಳೆಯುತ್ತಿದ್ದಳು.

ಜನವರಿಯ ಮೂರನೇ ವಾರ ಹೊರಗೆ ಹುಸೇನಪ್ಪನ ದನಿ ಕೇಳಿಸಿತು. ಶಾಹೀಸ್ತಾ, “ಫೋಟೋ ಕಳಸ್ರಿ ಅಣ್ಣಾ” ಎನ್ನುತ್ತಿದ್ದಳು.

“ಕಳಸೀನಿ ತಂಗಿ. ಸರೀನೂ ಹೇಳೈತಿ. ಹನ್ನೆರಡು ಹಲ್ಲಿಂದು, ಮೂರನೇ ಸಾಲು. ನವೆಂಬರದಿಂದ ಇದು ಮೂರನೇ ಗಾಲಿ. ಮೂರು ಸಲಾನೂ ಸರಿಯಾದ್ದ ಒಯ್ದೀನಿ, ಮೂರು ಸಲಾನೂ ಮುರದೈತಿ. ಯಾಕಂತ ಕೇಳು ನಿನ್ನ ಫೋನಿಗೆ.”

ಶಾಹೀಸ್ತಾ ಫೋನನ್ನು ನೋಡಿದಳು. ಹುಸೇನಪ್ಪ ಕಾಯಲಿಲ್ಲ. ಕೌಂಟರಿನ ಪಕ್ಕದ ಸಣ್ಣ ಬಾಗಿಲು ನೂಕಿಕೊಂಡು ಗೋಡೌನಿಗೆ ಬಂದ. ಬಾಗಿಲ ಹಿಂದಿದ್ದ ಸ್ಟೂಲು ಎಳೆದು ಕೂತ. ಅದು ಟಕ್ ಎಂದು ವಾಲಿ ಅವನನ್ನು ಅರ್ಧ ಕೆಡವಿತು.

“ಇತ್ತ ಕೊಡ್ರಿ,” ಎಂದಳು ಜೈನಾಬೀ.

ಗಾಲಿಯನ್ನು ತಾಟಿಗೆ ಹಾಕಿದಳು. ಅವಸರ ಮಾಡಲಿಲ್ಲ. ಕುಂಚದಿಂದ ಹಲ್ಲಿನ ಸಂದು ತಿಕ್ಕಿದಳು, ಮಣ್ಣು ಕರಗಿ ಡೀಸೆಲಿನಲ್ಲಿ ಮೋಡದಂತೆ ಹರಡಿತು. ಒಣ ಅರಿವೆಯಲ್ಲಿ ಒರೆಸಿ ಬಾಗಿಲ ಬೆಳಕಿಗೆ ಹಿಡಿದಳು. ಹೆಬ್ಬೆರಳು ಒಂದು ಸುತ್ತು ಬಂತು. ಪ್ರತಿ ಹಲ್ಲಿನ ಎಡಗಡೆ ಮಾತ್ರ ಕನ್ನಡಿಯಂತೆ ಸವೆದು ಹೊಳೆಯುತ್ತಿತ್ತು. ಬಲಗಡೆ ಹೊಸದರಂತೆ ಒರಟಾಗಿತ್ತು.

“ಗಾಲಿದು ತಪ್ಪಿಲ್ಲ,” ಎಂದಳು. “ಈ ಗಾಲಿ, ಎದುರಿನ ಗಾಲಿ, ಎರಡೂ ಒಂದ ಸಾಲಿನಾಗ ಇಲ್ಲ. ಚೈನ್ ಒಂದು ಮಗ್ಗಲಿಗೆ ತಿಕ್ಕಾಕತ್ತೈತಿ. ಶಾಫ್ಟ್ ಬಗ್ಗೈತೇನು ನೋಡ್ರಿ. ಅದನ್ನ ಸರಿ ಮಾಡಲಾರದ ಇನ್ನ ಹತ್ತು ಗಾಲಿ ಹಾಕಿದ್ರೂ ಹತ್ತೂ ಮುರೀತಾವು.”

ಹುಸೇನಪ್ಪ ಹೊಳೆಯುವ ಹಲ್ಲುಗಳ ಮೇಲೆ ತಾನೂ ಬೆರಳಾಡಿಸಿ ನೋಡಿದ. “ಮಣ್ಣಾಗ ಇದು ಕಾಣಲೇ ಇಲ್ಲ ನೋಡ್ರಿ,” ಎಂದ ಮೆತ್ತಗೆ.

ಕೌಂಟರಿನ ಬಾಗಿಲಲ್ಲಿ ಸಾಹುಕಾರರು ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಅವರು ಒಳಗೆ ಬಂದು, ಗೋಡೌನಿನ ಬಾಗಿಲಿಗೆ ಅಡ್ಡವಾಗಿದ್ದ ಎರಡು ಡಬ್ಬಿಗಳನ್ನು ಕಾಲಿನಿಂದ ಬದಿಗೆ ಸರಿಸಿ, ಬಾಗಿಲನ್ನು ಪೂರ್ತಿ ತೆರೆದಿಟ್ಟು ಹೋದರು. ಗಿರಾಕಿಗಳು ನಿಂತ ಜಾಗ ಅಲ್ಲಿಂದ ನೇರ ಕಾಣುತ್ತಿತ್ತು. ಅವರಲ್ಲಿ ಒಬ್ಬ, ಫೋನನ್ನು ಜೇಬಿಗೆ ಹಾಕಿ, ಟವೆಲಿನಲ್ಲಿ ಸುತ್ತಿದ ಏನನ್ನೋ ಹಿಡಿದು ಇತ್ತ ಇಣುಕುತ್ತಿದ್ದ.

“ಏಳ್ರಿ,” ಎಂದಳು ಜೈನಾಬೀ ಹುಸೇನಪ್ಪನಿಗೆ. “ನನ್ನ ಸ್ಟೂಲ್ ಅದು.”

ಕಪಾಟಿನ ಮೇಲಿನ ಖಾಲಿ ಬೇರಿಂಗ್ ಡಬ್ಬಿಯೊಂದನ್ನು ತೆಗೆದು, ಅದರ ಮುಚ್ಚಳ ಹರಿದು, ನಾಲ್ಕು ಮಡಿಕೆ ಮಾಡಿ ಗಿಡ್ಡ ಕಾಲಿನ ಕೆಳಗೆ ಇಟ್ಟಳು. ಕೂತು ನೋಡಿದಳು. ಸ್ಟೂಲು ಸುಮ್ಮನಿತ್ತು. ತಾಟಿನ ಡೀಸೆಲ್ಲು ಕಪ್ಪಾಗಿತ್ತು. ಅದನ್ನು ಚೆಲ್ಲಿ, ಹೊಸದನ್ನು ಬಗ್ಗಿಸಿಕೊಳ್ಳತೊಡಗಿದಳು.